ಎತ್ತಿಕೊಡದ ಮಾತು

ಫೆಬ್ರವರಿ ೬, ಗುರುವಾರ

ಸಿಟ್ಟು ಬಂದಾಗ ಕೂಗಾಡಬೇಡಿ, ಒಂದು ಕಡೆ ಬರೆದಿಡಿ ಎಂದು ಬಿ.ಪಿ. ನೋಡಿದ ಡಾಕ್ಟರು ಹೇಳಿದ್ದರು. ಇಷ್ಟು ದಿನ ಕೂಗಾಡುವುದೇ ಸಲೀಸಾಗಿತ್ತು. ಇವತ್ತಿನದು ಕೂಗಿದರೆ ಹೋಗುವ ಸಿಟ್ಟಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಶಾಂತಯ್ಯ ಮಾಸ್ತರರ ಫೋನು ಬಂತು. ಹಳ್ಳಿಯ ನಾಟಕಗಳಿಗೆ ಹಾರ್ಮೋನಿಯಂ ಬಾರಿಸಿ, ಊರ ಗಂಡಸರಿಗೆ ಮಾತು ಕಲಿಸಿ, ಹೆಣ್ಣು ಪಾತ್ರಕ್ಕೆ ನಮ್ಮಂಥವರನ್ನು ಗೊತ್ತು ಮಾಡಿಕೊಡುವವರು ಅವರು. ಶಿವರಾತ್ರಿಗೆ ನವಲಗುಂದದ ಕಡೆಯ ಒಂದು ಊರಲ್ಲಿ ನಾಟಕವಿದೆಯಂತೆ.

"ಈ ಸಲ ನೀವು ತಾಯಿ ಪಾತ್ರಾ ಮಾಡ್ರಿ ಭಾಗ್ಯಶ್ರೀ. ನಾಯಕಿಗೆ ಗದಗಿನಿಂದ ಹೊಸಾ ಹುಡುಗಿ ಬರಾಕತ್ತಾಳ."

"ನನ್ನ ಮಗಾ ಯಾರ್ರಿ?"

"ನಮ್ಮ ಬೀರಲಿಂಗಪ್ಪ."

ಬೀರಲಿಂಗಪ್ಪನಿಗೆ ನನಗಿಂತ ಹತ್ತು ವರ್ಷವಾದರೂ ಹೆಚ್ಚು. ಹೋದ ವರ್ಷ ಅದೇ ಊರಲ್ಲಿ ನನ್ನ ಗಂಡನಾಗಿದ್ದ, ಈ ವರ್ಷ ಮಗನಾದ. ಬ್ಯಾನರಿನಲ್ಲಿ ಮಾತ್ರ ನಾನು ಈಗಲೂ 'ಕುಮಾರಿ ಭಾಗ್ಯಶ್ರೀ, ಹುಬ್ಬಳ್ಳಿ'.

ತಾಯಿ ಪಾತ್ರ ಬಂದದ್ದಕ್ಕೆ ಸಿಟ್ಟಲ್ಲ, ವಯಸ್ಸು ಯಾರನ್ನು ಬಿಟ್ಟಿದೆ. ಸಿಟ್ಟು ಇದಕ್ಕೆ: ಇಷ್ಟು ವರ್ಷ ನಾಟಕ ಮಾಡಿದ್ದೇನೆ, ಒಂದು ದಿನ ತಾಲೀಮು ಮಾಡಿಲ್ಲ. ಊರವರು ತಿಂಗಳುಗಟ್ಟಲೆ ಗುಡಿಯ ಕಟ್ಟೆಯ ಮೇಲೆ ತಾಲೀಮು ಮಾಡಿಕೊಂಡಿರುತ್ತಾರೆ. ನಾವು ಊಟದ ಹೊತ್ತಿಗೆ ಬರುವ ನೆಂಟರ ಹಾಗೆ ಸಂಜೆ ಬಸ್ಸಿಳಿದು, ಪುಸ್ತಕ ತಿರುವಿ ಹಾಕಿ, ಬಣ್ಣ ಹಚ್ಚಿಕೊಂಡು ನಿಲ್ಲಬೇಕು. ಎದುರಿನವನು ಮಾತು ಮರೆತರೆ ಅದನ್ನೂ ನಾವೇ ಎತ್ತಿಕೊಡಬೇಕು. "ಏನಂದಿ? ಮನಿ ಬಿಟ್ಟು ಹೋಗತೀನಿ ಅಂದೇನು?" ಎಂದು ಅವನ ಮಾತನ್ನೇ ಪ್ರಶ್ನೆ ಮಾಡಿ ಅವನ ಬಾಯಿಗಿಡಬೇಕು. ಅವನು "ಹೂಂ, ಹೋಗತೀನಿ" ಎಂದು ಎದೆಯುಬ್ಬಿಸುತ್ತಾನೆ. ಜನ ಸಿಳ್ಳೆ ಹೊಡೆಯುತ್ತಾರೆ, ಹಾರ ಅವನ ಕೊರಳಿಗೆ ಬೀಳುತ್ತದೆ.

ಮಧ್ಯಾಹ್ನ ಫೋನಿನಲ್ಲಿ ಒಂದು ಪ್ರಕಟಣೆ ಬಂತು. ಧಾರವಾಡದಲ್ಲಿ 'ಗಿರಗಿಟ್ಲೆ' ಎಂಬ ನಾಟಕ ತಂಡವಿದೆಯಂತೆ. ದೊಡ್ಡವರೇ ಕೂಡಿ ಮಕ್ಕಳಿಗಾಗಿ ನಾಟಕ ಮಾಡುವುದು, ಸಾಲೆಯಿಂದ ಸಾಲೆಗೆ ತಿರುಗುವುದು, ವರ್ಷಪೂರ್ತಿ ಅದೇ ಕೆಲಸ. ಆರು ಮಂದಿ ಬೇಕು, ಭಾನುವಾರ ಆಯ್ಕೆ. ಕೊನೆಗೆ ಒಂದು ಸಾಲು: 'ಮೊದಲ ಎರಡು ತಿಂಗಳು ತಾಲೀಮು.' ಆ ಸಾಲನ್ನು ಎಷ್ಟು ಸಲ ಓದಿದೆನೋ.

ಅವ್ವನಿಗೆ ಹೇಳಿದರೆ ಅವಳು ಅಕ್ಕಿ ಆರಿಸುವುದನ್ನೂ ನಿಲ್ಲಿಸಲಿಲ್ಲ. "ಹಲ್ಲು ಬಿದ್ದ ಮ್ಯಾಲೆ ಕಬ್ಬು ತಿನ್ನಾಕ ಹೊಂಟಿ ನೋಡು. ಹೋಗು, ಹುಡುಗರ ಕೂಡ ಗೋಲಿ ಆಡು."

ಹೋಗುತ್ತೇನೆ. ಹುಡುಗರ ಆಟ ತಾನೆ, ನನಗೇನು ದೊಡ್ಡದು.

ಫೆಬ್ರವರಿ ೯, ಭಾನುವಾರ

ನಾನೊಬ್ಬಳೇ ರೇಷ್ಮೆ ಸೀರೆ ಉಟ್ಟವಳು. ಉಳಿದವರೆಲ್ಲ ಮಲಗೆದ್ದ ಬಟ್ಟೆಯಲ್ಲೇ ಬಂದಿದ್ದರು. ಮುಕ್ಕಾಲು ಪಾಲು ಕಾಲೇಜು ಹುಡುಗರು. ಒಬ್ಬಳು ನನ್ನನ್ನು ಯಾರದೋ ತಾಯಿ ಎಂದುಕೊಂಡು "ಆಂಟಿ, ಪಾಲಕರು ಹೊರಗ ಕೂಡಬೇಕ್ರಿ" ಎಂದಳು.

ತಂಡದ ನಿರ್ದೇಶಕಿ ಚಿನ್ಮಯೀ ಮೇಡಂ. ನನಗಿಂತ ಚಿಕ್ಕವರು, ಎಲ್ಲೋ ದೂರದಲ್ಲಿ ನಾಟಕ ಕಲಿತು ಬಂದವರು, ಧಾರವಾಡದ ಮೆತ್ತನೆಯ ಮಾತು. ನನ್ನ ಸರದಿ ಬಂದಾಗ ಅವರು ಹೇಳಿದ್ದಿಷ್ಟು:

"ಭಾಗ್ಯಶ್ರೀ ಅವರ, ನೀವು ಬೀಗ ಹಾಕಿದ ಬಾಗಲಾ ಆಗ್ರಿ."

"ಬಾಗಲಕ್ಕ ಮಾತು ಎಷ್ಟದಾವ್ರಿ?"

"ಮಾತಿಲ್ಲರಿ. ಬಾಗಲಾ ಮಾತಾಡೂದಿಲ್ಲಲ್ಲ."

ರಾಣಿಯಾಗಿದ್ದೇನೆ, ಗರತಿಯಾಗಿದ್ದೇನೆ, ಗಯ್ಯಾಳಿ ಅತ್ತೆಯಾಗಿದ್ದೇನೆ. ಬಾಗಿಲಾಗಲು ಹುಬ್ಬಳ್ಳಿಯಿಂದ ಬರಬೇಕಿತ್ತೇ? ಕೈ ಅಗಲಿಸಿ ನಿಂತೆ. ಮೇಡಂ ಬಹಳ ಹೊತ್ತು ನೋಡಿದರು. ನನಗೆ ತಡೆಯಲಾಗಲಿಲ್ಲ. "ಕಿರ್ರ್" ಎಂದು ಬಾಗಿಲಿನ ಸದ್ದು ಮಾಡಿಬಿಟ್ಟೆ. ಹುಡುಗರು ನಕ್ಕರು. ಬೀಗ ಹಾಕಿದ ಬಾಗಿಲು ಹೇಗೆ ಕಿರ್ ಎಂದೀತು ಎಂದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ಆಮೇಲೆ ಇಬ್ಬಿಬ್ಬರಿಗೆ ಒಂದೊಂದು ದೃಶ್ಯ. ನನ್ನ ಜೋಡಿಗೆ ಬಂದವನು ಮುಜಾಫರ. ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಷಿನ್ ಮೇಲೆ ಕೆಲಸ ಮಾಡುತ್ತಾನೆ. ತಂದೆ ಲಾಲಸಾಬರದು ಪಂಪ್‌ಸೆಟ್ ರಿಪೇರಿಯ ಅಂಗಡಿ. ಉದ್ದ ಕೈಕಾಲು, ದೊಡ್ಡ ಕಿವಿ, ನಾಚಿಕೆಯ ಮುದ್ದೆ. ಅವನು ಕತ್ತೆ, ನಾನು ಅಜ್ಜಿ. ಭಾರ ಹೊತ್ತು ಸಾಕಾಗಿ ಓಡಿಹೋಗಿದ್ದ ಕತ್ತೆ ತಿರುಗಿ ಬಂದಿದೆ. ಅಜ್ಜಿ "ಯಾಕ ಬಿಟ್ಟು ಹೋದಿ?" ಎಂದು ಕೇಳಬೇಕು. ಕತ್ತೆ "ನೀ ನನಗ ಒಂದು ಹೆಸರೂ ಇಡಲಿಲ್ಲ" ಎನ್ನಬೇಕು. ಅಷ್ಟೇ ದೃಶ್ಯ.

ನಾನು ಕೇಳಿದೆ. ಕಿಟಕಿಯ ಗಾಜು ಅದುರಿತು. ಮುಜಾಫರನ ಗಂಟಲಮಣಿ ಮೇಲೆ ಹೋಯಿತು, ಕೆಳಗೆ ಬಂತು. ಮಾತು ಮರೆತವನ ಗಂಟಲು ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಹೆಸರಿಡಲಿಲ್ಲಂತ ಹೋದೇನು?" ಎಂದು ಎತ್ತಿಕೊಟ್ಟೆ. "ಹೂಂ, ಹೆಸರಿಡಲಿಲ್ಲ" ಎಂದ. ದೃಶ್ಯ ದಡ ಮುಟ್ಟಿತು.

ಹೊರಗೆ ಬಂದು ಕೈ ಮುಗಿದ. "ಅಕ್ಕಾ, ನೀವಿಲ್ಲಂದ್ರ ಮುಳುಗಿಹೋಗಿದ್ದೆ."

"ಹದಿನೆಂಟು ವರ್ಷದಿಂದ ಇದ ದಂಧೆ ತಮ್ಮಾ ನಂದು" ಎಂದೆ.

ಫೆಬ್ರವರಿ ೧೦, ಸೋಮವಾರ

ಎರಡನೆಯ ಸುತ್ತಿಗೆ ಬರಬೇಕಂತೆ. ಮುಜಾಫರನೂ ಬರಬೇಕಂತೆ. ಅವನನ್ನು ಯಾರು ದಾಟಿಸಿದರು ಎಂದು ಕೇಳುವವರಿಲ್ಲ.

ಫೆಬ್ರವರಿ ೧೬, ಭಾನುವಾರ

ಬಸ್ಸಿಳಿದು ಬಂದವಳು ಸೀರೆಯನ್ನೂ ಬದಲಿಸದೆ ಬರೆಯಲು ಕೂತಿದ್ದೇನೆ.

ಅದೇ ದೃಶ್ಯ, ಅದೇ ಕತ್ತೆ. ಈ ಸಲ ನಾನು ಸಾದಾ ಸೀರೆ ಉಟ್ಟು, ದನಿ ತಗ್ಗಿಸಿ ಕೇಳಿದೆ. ಮುಜಾಫರ ಸುಮ್ಮನೆ ನಿಂತ. ಮರೆತ ಎಂದುಕೊಂಡು ಎತ್ತಿಕೊಟ್ಟೆ.

ಮೇಡಂ ಎದ್ದು ಬಂದರು. "ಮುಜಾಫರ, ಮಾತು ಮರತಿದ್ರೇನು?"

"ಇಲ್ರಿ. ಹೇಳೂದರಾಗ ಇದ್ದೆ."

"ಭಾಗ್ಯಶ್ರೀ ಅವರ, ನಿಮ್ಮ ಮಾತು ನೀವು ಭಾಳ ಛಲೋ ಆಡತೀರಿ. ಎದುರಿನವರ ಮಾತೂ ನೀವ ಆಡತೀರಿ. ನಮ್ಮ ನಾಟಕಾ ನೋಡೂ ಮಂದಿ ಅಂದ್ರ ಮಕ್ಕಳು. ಮಕ್ಕಳು ಲಗೂ ಉತ್ತರಾ ಕೊಡೂದಿಲ್ಲ. ನೀವು ಜಾಗಾ ಬಿಡಲಿಲ್ಲಂದ್ರ ಅವರು ಬಾಯಿನೇ ತೆಗಿಯೂದಿಲ್ಲ. ಕಾಯಲಿಕ್ಕೆ ಬರತದೇನು ನಿಮಗ?"

ಎಲ್ಲರ ಮುಂದೆ ಕೇಳಿದರು. ಕಾಯಲು ಬರುತ್ತದೆಯೇ ಎಂದು ನನ್ನನ್ನು. ರಸ್ತೆ ಬದಿಯಲ್ಲಿ ಬಸ್ಸಿಗೆ ಕಾದಿದ್ದೇನೆ, ಬಣ್ಣ ಹಚ್ಚಿಕೊಂಡು ಕಮಿಟಿಯವರ ಭಾಷಣ ಮುಗಿಯಲಿ ಎಂದು ಕಾದಿದ್ದೇನೆ. ಆದರೆ ರಂಗದ ಮೇಲೆ ಸುಮ್ಮನಿರುವುದೆಂದರೇನು ಎಂದು ಈ ಮೇಡಂಗೆ ಗೊತ್ತಿದೆಯೇ? ಹಳ್ಳಿಯ ನಾಟಕದಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಸುಮ್ಮನಾದರೆ ಮೊದಲು ಸಿಳ್ಳೆ, ಆಮೇಲೆ ಚಪ್ಪಲಿ.

ಮೂರನೆಯ ಸುತ್ತು, ಕೊನೆಯದು, ಮಾರ್ಚ್ ಎಂಟಕ್ಕೆ ಒಂದು ಸಾಲೆಯಲ್ಲಿ, ಮಕ್ಕಳ ಮುಂದೆ. "ಇನ್ನೊಮ್ಮೆ ನೋಡೂಣ" ಎಂದರು. ಆ 'ಇನ್ನೊಮ್ಮೆ' ನನಗೆ ಭಿಕ್ಷೆಯ ಹಾಗೆ ಕೇಳಿಸಿತು. ಆದರೂ ಬರುತ್ತೇನೆ ಎಂದೆ. ಇಲ್ಲಿ ಆಯ್ಕೆಯಾದರೆ ತಾಲೀಮು. ಇಲ್ಲದಿದ್ದರೆ ಬೀರಲಿಂಗಪ್ಪನ ತಾಯಿಯಾಗಿ, ಅವನ ಅಜ್ಜಿಯಾಗಿ ಮುಗಿಯಬೇಕು.

ಫೆಬ್ರವರಿ ೨೦, ಗುರುವಾರ

ಅವ್ವನ ಮೇಲೆ ಪ್ರಯೋಗ ಮಾಡಿದೆ. "ಊಟಾ ಮಾಡಿದೇನವ್ವಾ?" ಎಂದು ಕೇಳಿ ಬಾಯಿ ಮುಚ್ಚಿಕೊಂಡೆ. ದಿನವೂ ಕೇಳಿ "ಮಾಡಿರ್ತಿ ಬಿಡು" ಎಂದು ನಾನೇ ಮುಗಿಸುತ್ತೇನೆ. ಅವ್ವ ನನ್ನ ಮುಖ ನೋಡಿದಳು. ಹೊರಗೆ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸು ಬೈರಿದೇವರಕೊಪ್ಪದ ಸ್ಟಾಪಿನಲ್ಲಿ ನಿಂತು ಹೋಯಿತು. ಅವ್ವ ಇನ್ನೂ ನೋಡುತ್ತಿದ್ದಳು.

"ಮಾಡಿಲ್ಲ" ಎಂದಳು ಕೊನೆಗೆ. "ಮೊಣಕಾಲು ಹಿಡದಾವ. ಒಲಿ ಮುಂದ ನಿಂದರಾಕ ಆಗವಲ್ದು. ಹದಿನೈದು ದಿನಾ ಆತು."

"ಮೊದಲೇ ಹೇಳಬಾರದೇನು?"

"ಹೇಳಾಕ ನೀ ಎಲ್ಲಿ ಬಿಡತಿ."

ರೊಟ್ಟಿ ಬಡಿದು ಹಾಕಿದೆ. ಪ್ರಯೋಗ ಅಲ್ಲಿಗೇ ನಿಂತಿತು. ನಾಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

ಫೆಬ್ರವರಿ ೨೩, ಭಾನುವಾರ

ಮುಜಾಫರ ಮನೆಗೆ ಬಂದಿದ್ದ. ಇಬ್ಬರೂ ಮಾಳಿಗೆಯ ಮೇಲೆ ಅಭ್ಯಾಸ ಮಾಡಿದೆವು. ನಾನು ಕೇಳುವುದು, ಅವನು ಸುಮ್ಮನಿರುವುದು, ನಾನು ಸೆರಗಿನ ತುದಿ ಕಚ್ಚಿಕೊಂಡು ಕಾಯುವುದು. ಪಕ್ಕದ ಮನೆಯವರು ನಾವಿಬ್ಬರೂ ಜಗಳವಾಡಿ ಮಾತು ಬಿಟ್ಟಿದ್ದೇವೆ ಎಂದುಕೊಂಡಿರಬೇಕು.

"ನಿನಗ ಹೆಂಗ ಆಗತೈತೋ ಸುಮ್ಮನ ನಿಂದ್ರಾಕ?"

"ದಿನಾ ಮಷಿನ್ ಮುಂದ ನಿಲ್ತೇನಲ್ಲಕ್ಕಾ. ಅಲ್ಲಿ ಮಾತಾಡಿದ್ರ ಯಾರಿಗೂ ಕೇಳಸೂದಿಲ್ಲ. ಸುಮ್ಮನಿದ್ದು ರೂಢಿ ಆಗೇತಿ. ಇಲ್ಲಿ ಕತ್ತಿ ಆದಾಗ ಮೊದಲನೇ ಸಲ ಒಬ್ಬರು ನನ್ನ ಮಾತಿಗೆ ಕಾಯಾಕತ್ತಾರ ಅನ್ನಿಸ್ತು."

ಅವನಿಗೂ ಈ ಕೆಲಸ ಬೇಕೇಬೇಕು. ಈ ಆಯ್ಕೆಗೆಂದು ರಜೆ ಹಾಕಿ ಹಾಕಿ ಮಾಲಕರ ಕಣ್ಣು ಕೆಂಪಾಗಿಸಿದ್ದಾನಂತೆ. ಅವ್ವ ಅವನಿಗೆ ಅವಲಕ್ಕಿ ಕೊಟ್ಟಳು, "ಕತ್ತಿ ಛಲೋ ಐತಿ, ಗರೀಬ ಐತಿ" ಎಂದಳು.

ಫೆಬ್ರವರಿ ೨೭, ಗುರುವಾರ

ಏನು ಮಾಡಿಬಿಟ್ಟೆ ನಾನು.

ನಿನ್ನೆ ಶಿವರಾತ್ರಿಯ ನಾಟಕ. ಸತ್ತ ಗಂಡನ ಪಕ್ಕದಲ್ಲಿ ನಾನು ಕೂತಿದ್ದೆ. ದೂರದೂರಿಗೆ ಹೋಗಿದ್ದ ಮಗ ತಡವಾಗಿ ಬರುತ್ತಾನೆ. "ನಿಮ್ಮಪ್ಪ ನಿನ್ನ ಹೆಸರು ಹಿಡದು ಕರಿಯೂ ಮುಂದ ಎಲ್ಲಿದ್ದಿ?" ಎಂದು ಕೇಳಿದೆ. ಬೀರಲಿಂಗಪ್ಪ ಬಾಯಿ ತೆರೆದ. ಗಂಟಲಮಣಿ ಮೇಲೆ ಹೋಯಿತು, ಕೆಳಗೆ ಬಂತು.

ನಾನು ಕಾದೆ.

ಬೇಕೆಂದು ಮಾಡಿದ್ದಲ್ಲ. ಬಾಯಿ ತಾನಾಗಿ ಮುಚ್ಚಿಕೊಂಡಿತು. ಬೀರಲಿಂಗಪ್ಪ ಹೆಣದ ಕಡೆ ನೋಡಿದ, ನನ್ನ ಕಡೆ ನೋಡಿದ, ಅವನ ಕಣ್ಣು ತುಂಬಿತು. ಒಂದು ಕ್ಷಣ ಅಷ್ಟು ಜನವೂ ಉಸಿರು ಹಿಡಿದರು. ಹದಿನೆಂಟು ವರ್ಷದಲ್ಲಿ ಅಂಥ ಒಂದು ಕ್ಷಣವನ್ನು ನಾನು ನೋಡಿಲ್ಲ. ಅಷ್ಟರಲ್ಲಿ ಪರದೆಯ ಹಿಂದಿನಿಂದ ಶಾಂತಯ್ಯ ಮಾಸ್ತರರು ಮಾತನ್ನು ಜೋರಾಗಿ ಓದಿದರು. ಸಿಳ್ಳೆ ಬಿತ್ತು. ಸತ್ತವನೂ ನಕ್ಕ. ಬೀರಲಿಂಗಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಒಳಗೆ ಹೋದವನು ಮುಂದಿನ ದೃಶ್ಯಕ್ಕೆ ಬರಲೇ ಇಲ್ಲ.

ನಾಟಕ ಮುಗಿದ ಮೇಲೆ ಕಮಿಟಿಯವರು ಸುತ್ತ ನಿಂತರು. "ಮಾತು ಎತ್ತಿಕೊಡತೀರಂತನ ನಿಮ್ಮನ್ನ ಕರಸೂದ್ರಿ. ಬಾಯಾಗ ಏನ ಇಟ್ಕೊಂಡಿದ್ರಿ?" ನಾನೂ ಬಿಡಲಿಲ್ಲ. ಮೂರು ತಿಂಗಳು ತಾಲೀಮು ಮಾಡಿದವನು ನಾಲ್ಕು ಮಾತು ನೆನಪಿಡಬಾರದೇ ಎಂದು ಕೂಗಾಡಿದೆ. ಡಾಕ್ಟರು ಕೇಳಿದ್ದರೆ ಮೂರ್ಛೆ ಹೋಗುತ್ತಿದ್ದರು.

ಬೀರಲಿಂಗಪ್ಪ ಮಾತ್ರ ಬೈಯಲಿಲ್ಲ. ಬಸ್ ಸ್ಟ್ಯಾಂಡಿಗೆ ಬಿಡಲು ಗಾಡಿ ತಂದವನೇ ಅವನು. ಇಳಿಸುವಾಗ ಎಂದ: "ನಮ್ಮಪ್ಪ ಹೋದಾಗ ನಾ ಖರೇನ ಊರಾಗ ಇರಲಿಲ್ರಿ. ಆ ಮಾತು ಬಾಯಿಗೆ ಬರವಲ್ದಾತು. ನೀವು ಎತ್ತಿಕೊಡತೀರಿ ಅಂತ ಧೈರ್ಯಾ ಮಾಡಿದ್ದೆ."

ಸೀರೆಯ ಚೀಲ ಹಿಡಿದುಕೊಂಡು ಬಸ್ಸು ಹತ್ತಿದೆ. ಒಳಗೆ ಉರಿಯುತ್ತಿದೆ. ಎತ್ತಿಕೊಟ್ಟರೆ ಅಲ್ಲಿ ತಪ್ಪು, ಕೊಡದಿದ್ದರೆ ಇಲ್ಲಿ ತಪ್ಪು.

ಮಾರ್ಚ್ ೩, ಸೋಮವಾರ

ಶಾಂತಯ್ಯ ಮಾಸ್ತರರು ಯುಗಾದಿಯ ಎರಡು ನಾಟಕ ಬೇರೆಯವರಿಗೆ ಕೊಟ್ಟಿದ್ದಾರೆ. "ಸುದ್ದಿ ಹಬ್ಬೇತಿ. ಸ್ವಲ್ಪ ದಿನಾ ಸುಮ್ಮನಿರ್ರಿ" ಎಂದರು. ಎಲ್ಲರಿಗೂ ನಾನು ಸುಮ್ಮನಿರುವುದೇ ಬೇಕಾಗಿದೆ.

ಇನ್ನು ನನಗೆ ಗಿರಗಿಟ್ಲೆ ಬಿಟ್ಟರೆ ಗತಿಯಿಲ್ಲ. ಆ ಚಿನ್ಮಯೀ ಮೇಡಂ ಕಾಯುವುದನ್ನು ಕಲಿಸಿ ನನ್ನ ಅನ್ನ ಕೆಡಿಸಿದರು. ಈಗ ಅವರೇ ಹಾಕಲಿ.

ಮಾರ್ಚ್ ೮, ಶನಿವಾರ

ಕೊನೆಯ ಸುತ್ತು ಮುಗಿಯಿತು. ಎಲ್ಲವನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಧಾರವಾಡದ ಒಂದು ಕನ್ನಡ ಸಾಲೆ. ಬೆಳಗಿನ ಹೊತ್ತು, ಮಕ್ಕಳು ಜಮಖಾನೆಯ ಮೇಲೆ ಸಾಲಾಗಿ ಕೂತಿದ್ದರು. ಮೇಡಂ ನಮ್ಮನ್ನೆಲ್ಲ ಕರೆದು, "ಮಕ್ಕಳು ನಡುವ ಏನರ ಕೊಟ್ರ, ಮಾತು ಕೊಡಲಿ, ನಗು ಕೊಡಲಿ, ಬ್ಯಾಡ ಅನ್ನಬ್ಯಾಡ್ರಿ. ತಗೊಂಡು ಆಡ್ರಿ. ನಮ್ಮ ನಾಟಕದ ಜೀವಾನೇ ಅದು" ಎಂದರು.

ಮುಜಾಫರ ಗೋಡೆಗೆ ಒರಗಿ ಕೂತಿದ್ದ, ತುಟಿ ಒಣಗಿತ್ತು. ನೀರಿನ ಬಾಟಲಿ ಚಾಚಿದೆ. ತಲೆಯಲ್ಲಾಡಿಸಿದ. "ರೋಜಾ ಐತಿ ಅಕ್ಕಾ." ರಮಜಾನಿನ ಉಪವಾಸ ಶುರುವಾದದ್ದು ನನಗೆ ಮರೆತೇ ಹೋಗಿತ್ತು.

ನಮ್ಮ ಸರದಿ ಬಂತು. ನಾನು ಮಕ್ಕಳ ನಡುವಿನಿಂದಲೇ ನಡೆದು ಹೋಗಿ ಕತ್ತೆಯ ಮುಂದೆ ನಿಂತೆ. "ಯಾಕ ಬಿಟ್ಟು ಹೋದಿ?" ಎಂದೆ. ಮೆಲ್ಲಗೇ ಎಂದೆ. ಕತ್ತೆ ತಲೆ ತಗ್ಗಿಸಿತು. ಕಾದೆ. ಆಮೇಲೆ ಅವನ ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂತು. ಈ ಸಲ ಖರೆ ಮರೆತಿದ್ದ.

ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಎತ್ತಿಕೊಟ್ಟರೆ ಅವನು ಉಳಿಯುತ್ತಾನೆ, ನಾನು ಹೋಗುತ್ತೇನೆ. ಕೊಡದಿದ್ದರೆ ನಾನು ಉಳಿಯುತ್ತೇನೆ, ಅವನಿಗೆ ಬೀರಲಿಂಗಪ್ಪನ ಗತಿ. ಇದನ್ನೆಲ್ಲ ಆಗಲೇ ಯೋಚಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆಗ ಹೆದರಿಕೆಯೊಂದೇ ಇತ್ತು. ಆದರೆ ಮುಜಾಫರ ಯಾರ ಕಡೆಯೂ ನೋಡಲಿಲ್ಲ, ಕೆಮ್ಮಲಿಲ್ಲ, ಹೊರಗೆ ಓಡಲಿಲ್ಲ. ಕತ್ತೆಯಾಗಿಯೇ ನಿಂತ. ಮಕ್ಕಳಲ್ಲಿ ಒಬ್ಬರೂ ಅಲ್ಲಾಡಲಿಲ್ಲ.

ಮುಂದಿನ ಸಾಲಿನಿಂದ ಎರಡು ಜಡೆಯ ಒಂದು ಸಣ್ಣ ಹುಡುಗಿ ಎದ್ದಳು. "ಅಜ್ಜಿ, ಅದಕ್ಕ ಹಸಿವ್ಯಾಗೇತಿ" ಎಂದಳು. ಡಬ್ಬಿ ತೆಗೆದು, ಚಪಾತಿಯ ತುಂಡು ಮುರಿದು, ತಾನೇ ಬಂದು ಕತ್ತೆಯ ಬಾಯಿಯ ಹತ್ತಿರ ಹಿಡಿದಳು.

ಮುಜಾಫರ ಅದನ್ನು ನೋಡಿದ. ತಿನ್ನಲಿಲ್ಲ. ಅವಳ ಅಂಗೈಗೆ ಹಣೆ ಉಜ್ಜಿದ, ಅಷ್ಟೇ. ಹುಡುಗಿ ಚಪಾತಿ ಹಿಡಿದೇ ನಿಂತಳು. "ಸಿಟ್ಟಾಗೇತಿ" ಎಂದು ಯಾರೋ ಹಿಂದಿನಿಂದ ಹೇಳಿದರು. ಕೊನೆಗೆ ಅವಳು ಚಪಾತಿಯನ್ನು ಅವನ ಮುಂದೆ ನೆಲದ ಮೇಲಿಟ್ಟು ಹೋಗಿ ಕೂತಳು. ಆಗ ಕತ್ತೆ ನನ್ನ ಕಡೆ ತಿರುಗಿ, "ನೀ ನನಗ ಒಂದು ಹೆಸರೂ ಇಡಲಿಲ್ಲ" ಎಂದಿತು. ನಾನು ಅತ್ತುಬಿಟ್ಟೆ. ಪುಸ್ತಕದಲ್ಲಿ ಅಳು ಇಲ್ಲ.

ದೃಶ್ಯ ಮುಗಿದು ಮಕ್ಕಳು ಮುತ್ತಿಕೊಂಡರು. ಒಬ್ಬ ನನ್ನ ಸೆರಗು ಹಿಡಿದೆಳೆದು, "ಅಜ್ಜಿ, ರಾಮಣ್ಣ ಅಂತ ಇಡು" ಎಂದ.

ಮಾರ್ಚ್ ೧೨, ಬುಧವಾರ

ಆಯ್ಕೆಯಾದೆ. ಮೇಡಂ ತಾವೇ ಫೋನು ಮಾಡಿದರು. "ನೀವು ಕಾದ್ರಿ. ನಾ ನೋಡಲಿಕ್ಕೆ ಬಂದದ್ದು ಅದನ್ನೇ" ಎಂದರು. ಎರಡು ತಿಂಗಳು ತಾಲೀಮು, ಏಪ್ರಿಲ್ ಎರಡರಿಂದ.

"ಮುಜಾಫರ?" ಎಂದೆ.

"ಇಲ್ಲರಿ. ಮಾತು ಮರತದ್ದಕ್ಕಲ್ಲ. ಆ ಹುಡುಗಿ ಅಷ್ಟು ಪ್ರೀತಿಲೆ ಕೊಟ್ಟದ್ದನ್ನ ತಗೊಳ್ಳಲಿಲ್ಲ. ಹೇಳಿದ್ದೆ ನಾ. ಮಕ್ಕಳು ಕೊಟ್ಟದ್ದನ್ನ ತಗೊಳ್ಳದವರು ನಮ್ಮಲ್ಲಿ ಹೆಂಗ ನಡೀಬೇಕು?"

ಅವನದು ರೋಜಾ ಇತ್ತು ಎಂಬ ಮಾತು ಬಾಯಿಗೆ ಬಂತು. ಹೇಳಲಿಲ್ಲ. ಎದುರಿನವರ ಮಾತು ಆಡಬೇಡಿ ಎಂದು ಕಲಿಸಿದವರು ಇವರೇ. ಆ ಪಾಠ ಎಷ್ಟು, ಸಿಕ್ಕದ್ದು ಕೈ ಬಿಟ್ಟೀತು ಎಂಬ ಹೆದರಿಕೆ ಎಷ್ಟು, ನನಗೂ ಗೊತ್ತಿಲ್ಲ. ಫೋನಿಟ್ಟ ಮೇಲೆ ಅವ್ವ ಸಕ್ಕರೆ ತಂದು ಬಾಯಿಗೆ ಹಾಕಿದಳು. ಅವಳ ಮೇಲೆಯೇ ರೇಗಿದೆ.

ಮಾರ್ಚ್ ೧೩, ಗುರುವಾರ

ತಾರಿಹಾಳಕ್ಕೆ ಹೋಗಿದ್ದೆ. ಮುಜಾಫರ ಎಣ್ಣೆಗೈ ಒರೆಸಿಕೊಳ್ಳುತ್ತ ಗೇಟಿಗೆ ಬಂದ. ಸುದ್ದಿ ಅವನಿಗೂ ಮುಟ್ಟಿತ್ತು.

"ನಾ ಅವತ್ತ ಎತ್ತಿಕೊಡಬೇಕಾಗಿತ್ತೇನೋ ತಮ್ಮಾ."

"ಕೊಟ್ಟಿದ್ರ ನಾನೂ ಪಾಸ್ ಆಗ್ತಿದ್ದೆ. ಆಮ್ಯಾಲೆ ವರ್ಷಪೂರ್ತಿ ನೀವ ಎತ್ತಿಕೊಡಬೇಕಾಗ್ತಿತ್ತು" ಎಂದು ನಕ್ಕ.

ರೋಜಾ ಇದ್ದದ್ದನ್ನು ಮೇಡಂಗೆ ಹೇಳುತ್ತೇನೆ ಎಂದೆ. ಅವನ ನಗು ನಿಂತಿತು. "ಬ್ಯಾಡ್ರಿ. ಆಗ ಹೇಳಲಾರದವ ಈಗ ಹೇಳಿದ್ರ ನೆಪಾ ಆಕ್ಕೈತಿ. ನೀವೂ ಹೇಳಬ್ಯಾಡ್ರಿ. ನನ್ನ ಮಾತು ನಂದು ಅಕ್ಕಾ."

ಎಲ್ಲರೂ ನನಗೇ ಪಾಠ ಹೇಳುವವರಾದರು. ಬರುವಾಗ ಬಸ್ಸಿನಲ್ಲಿ ಕಂಡಕ್ಟರನ ಜೊತೆ ಕಾರಣವಿಲ್ಲದೆ ಜಗಳವಾಡಿದೆ.

ಏಪ್ರಿಲ್ ೨, ಬುಧವಾರ

ನನ್ನ ಜೀವಮಾನದ ಮೊದಲ ತಾಲೀಮು. ಹೊಸ ಸೀರೆ ಉಟ್ಟು ಹೋದೆ, ನಗುವವರು ನಗಲಿ. ಆರು ಮಂದಿ ಆಯ್ಕೆಯಾಗಿದ್ದರೂ ಐವರೇ ಇದ್ದೆವು. ಒಬ್ಬ ಹುಡುಗ ಧಾರಾವಾಹಿಯಲ್ಲಿ ಪಾತ್ರ ಸಿಕ್ಕಿತೆಂದು ಬರಲಿಲ್ಲ, ಅವನ ಜಾಗ ಇನ್ನೂ ಖಾಲಿ.

ಕತ್ತೆಗೆ ಸದ್ಯಕ್ಕೆ ಕುಮಾರಸ್ವಾಮಿ ಎಂಬುವನನ್ನು ನಿಲ್ಲಿಸಿದರು. ಒಳ್ಳೆಯ ಹುಡುಗ, ಇಡೀ ಪುಸ್ತಕ ಬಾಯಿಪಾಠ. ನಾನು "ಯಾಕ ಬಿಟ್ಟು ಹೋದಿ?" ಎನ್ನುವುದರೊಳಗೆ ಉತ್ತರ ತಂದು ಕೈಗಿಡುತ್ತಾನೆ, ಅಂಗಡಿಯವನು ಚಿಲ್ಲರೆ ಕೊಟ್ಟ ಹಾಗೆ. ನಾನು ಕಾಯಲು ಜಾಗವೇ ಇಲ್ಲ. "ಸ್ವಲ್ಪ ತಡಿಯಪಾ" ಎಂದೆ. ತಡೆದ. ತಡೆಯುತ್ತಿದ್ದಾನೆ ಎಂದು ಗೊತ್ತಾಗುವ ಹಾಗೆ ತಡೆದ. ಇಷ್ಟು ವರ್ಷ ಹಾತೊರೆದ ತಾಲೀಮು ಮೊದಲ ದಿನವೇ ಸಪ್ಪಗಾಯಿತು.

ಮನೆಗೆ ಬಂದು ಮುಜಾಫರನಿಗೆ ಫೋನು ಮಾಡಿದೆ. "ಒಂದು ಜಾಗಾ ಖಾಲಿ ಐತಿ. ನಿನ್ನ ಮಾತು ನಾ ಆಡಂಗಿಲ್ಲ ಅಂತ ಸುಮ್ಮನದೇನಿ. ನೀ ಬಂದು ನೀ ಆಡು."

"ಏನಂತ ಆಡ್ಲಿ?"

"ಅದನ್ನೂ ನಾ ಹೇಳಂಗಿಲ್ಲ."

ಬರುವುದಿಲ್ಲ ಎಂದು ಇಟ್ಟುಬಿಟ್ಟ. ಬರದಿದ್ದರೆ ಬಿಡಲಿ, ಕತ್ತೆ.

ಏಪ್ರಿಲ್ ೪, ಶುಕ್ರವಾರ

ಮಧ್ಯಾಹ್ನ ನಾವು ನೆಲದ ಮೇಲೆ ದುಂಡಗೆ ಕೂತು ಓದುತ್ತಿದ್ದೆವು. ಬಾಗಿಲಲ್ಲಿ ಮುಜಾಫರ ನಿಂತಿದ್ದ. ಕೆಲಸದ ಬಟ್ಟೆಯಲ್ಲೇ ಬಂದಿದ್ದ. ಎಲ್ಲರೂ ತಲೆ ಎತ್ತಿದರು.

"ಬರ್ರಿ ಮುಜಾಫರ" ಎಂದರು ಮೇಡಂ. "ಏನಾರ ಹೇಳೂದಿತ್ತೇನು?"

ಅವನು ಒಳಗೆ ಬಂದು ನಿಂತ. ಗಂಟಲಮಣಿ ಮೇಲೆ ಹೋಯಿತು, ಕೆಳಗೆ ಬಂತು. ದಾರಿಯಲ್ಲೆಲ್ಲ ಏನೋ ಜೋಡಿಸಿಕೊಂಡು ಬಂದಿರಬೇಕು, ಎಲ್ಲ ಮರೆತಿದ್ದ. ನನ್ನ ಹತ್ತಿರ ಮಾತು ಸಿದ್ಧವಿತ್ತು. ಅವನದು ರೋಜಾ ಇತ್ತು, ಹುಡುಗ ಬಡಪಾಯಿ, ಇನ್ನೊಮ್ಮೆ ನೋಡಿರಿ ಎಂದು ಕೈ ಮುಗಿಯುವ ಮಾತು. ಮೇಡಂ ಒಮ್ಮೆ ನನ್ನ ಕಡೆ ನೋಡಿದರು. ನಾನು ಪುಸ್ತಕದ ಮೇಲೆ ಕೈಯಿಟ್ಟುಕೊಂಡು ಅವನನ್ನೇ ನೋಡುತ್ತ ಕೂತೆ. ಕುಮಾರಸ್ವಾಮಿ ಏನೋ ಹೇಳಲು ಹೋದ, ಅವನ ಮೊಣಕಾಲು ಹಿಡಿದು ಒತ್ತಿದೆ.

"ಮೇಡಂ" ಎಂದ ಮುಜಾಫರ ಕೊನೆಗೆ. "ಆ ಹುಡುಗಿ ಕೊಟ್ಟ ಚಪಾತಿ ನಾ ತಗೊಳ್ಳಲಿಲ್ಲ ಅಂದ್ರಂತ. ತಗೊಂಡೇನ್ರಿ. ನೆಲದ ಮ್ಯಾಲಿಂದ ಎತ್ತಿ ಕಿಸೆದಾಗ ಇಟ್ಕೊಂಡು ಮನಿಗಿ ಹೋದೆ. ಅವತ್ತ ಸಂಜಿಕೆ ಅದರಲೇ ರೋಜಾ ಬಿಟ್ಟೆ."

ನನಗೂ ಇದು ಗೊತ್ತಿರಲಿಲ್ಲ. ನನ್ನ ಬಾಯಲ್ಲಿದ್ದ ಮಾತನ್ನು ಆಡಿಬಿಟ್ಟಿದ್ದರೆ ಇದನ್ನು ಯಾರೂ ಕೇಳುತ್ತಿರಲಿಲ್ಲ.

ಚಿನ್ಮಯೀ ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಕೂತಲ್ಲೇ ಸ್ವಲ್ಪ ಸರಿದರು. ನಾನೂ ಈ ಕಡೆ ಸರಿದೆ. ನಡುವೆ ಒಬ್ಬರು ಕೂಡುವಷ್ಟು ಜಾಗವಾಯಿತು.